ಮೆಷಿನ್ ಬಾಗಲಕೋಟೆಯಲ್ಲಿ, ಡಾಕ್ಟರು ಬೆಂಗಳೂರಲ್ಲಿ: ಕೂಸಿನ ಎಕೋ ವರದಿ ನಂಬಬಹುದಾ?

ಪ್ರಶ್ನೆ: ನಾನು ಮುಧೋಳದವಳು. ಬಾಗಲಕೋಟೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಹೆರಿಗೆ ಆಯ್ತು. ಗಂಡು ಕೂಸು, ದಿನ ತುಂಬಿ ಹುಟ್ಟಿದ್ದು, ತೂಕ 2.9 ಕೆ.ಜಿ. ಮರುದಿನ ಬಲಗೈಗೂ ಕಾಲಿಗೂ ಕೆಂಪು ಲೈಟಿನ ಪಟ್ಟಿ ಕಟ್ಟಿ ಆಕ್ಸಿಜನ್ ನೋಡಿದರು. ಕೈಯಲ್ಲಿ 97, ಕಾಲಲ್ಲಿ 93 ಬಂತು. ಒಂದು ತಾಸು ಬಿಟ್ಟು ಮತ್ತೆ ನೋಡಿದಾಗ 97 ಮತ್ತು 96. ‘ಪಾಸ್’ ಅಂದರು. ಮೂರನೇ ದಿನ ಮನೆಗೆ ಕಳಿಸುವ ಮೊದಲು ಮಕ್ಕಳ ಡಾಕ್ಟರು ‘ಎದೆಯಲ್ಲಿ ಸದ್ದು ಕೇಳ್ತಿದೆ’ ಅಂದು ಅಲ್ಲೇ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿದರು. ಬೆಂಗಳೂರಿನ ಮಕ್ಕಳ ಹೃದಯ ತಜ್ಞರು ಲ್ಯಾಪ್‌ಟಾಪಿನಲ್ಲಿ ನೋಡ್ತಾ, ಹೀಗೆ ಹಿಡೀರಿ, ಹಾಗೆ ತಿರುಗಿಸಿ ಅಂತ ಹೇಳ್ತಿದ್ದರು. ಕೆಳಗಿನ ಕೋಣೆಗಳ ನಡುವೆ 2 ಮಿ.ಮೀ. ರಂಧ್ರ (ಮಸ್ಕ್ಯುಲರ್ ವಿಎಸ್‌ಡಿ), ಪಿಎಫ್‌ಒ, ಮುಚ್ಚಿಕೊಳ್ಳುತ್ತಿರುವ ಸಣ್ಣ ಪಿಡಿಎ, 6 ವಾರಕ್ಕೆ ಮತ್ತೆ ಎಕೋ ಅಂತ ಬರೆದುಕೊಟ್ಟಿದ್ದಾರೆ. ಈಗ ಕೂಸಿಗೆ 8 ದಿನ. ಹಾಲು ಚೆನ್ನಾಗಿ ಕುಡೀತಾನೆ. ಆದರೆ ಮನೆಯಲ್ಲಿ ನೆಮ್ಮದಿ ಇಲ್ಲ. ಮೈದುನ ‘ಮೊಬೈಲ್‌ನ್ಯಾಗ ನೋಡಿ ಹೃದಯದ ಜಡ್ಡು ಹೇಳಾಕ ಬರ್ತದೇನು? ಬೆಂಗಳೂರಿಗೇ ಒಯ್ಯೋಣ’ ಅಂತಾನೆ. ನಮ್ಮ ಕಾಕಾ ಮಿರಜಿಗೆ ಹೋಗಿ ಅಂತಾರೆ. ಅತ್ತೆ ನಾನು ಗ್ರಹಣದಲ್ಲಿ ಹೊರಗೆ ಬಂದಿದ್ದೆ ಅಂತ ಬೈತಾರೆ. ನನ್ನ ಗಂಡ ನನ್ನ ಸೋದರಮಾವನ ಮಗ, ಅದಕ್ಕೇ ಹೀಗಾಯ್ತಾ? ದೂರದಿಂದ ನೋಡಿ ಹೇಳಿದ್ದನ್ನು ನಂಬಬಹುದಾ? ಹದಿಮೂರನೇ ದಿನ ತೊಟ್ಟಿಲು ಇಟ್ಟುಕೊಂಡಿದ್ದೇವೆ, ಮಾಡಬಹುದಾ?

ಉತ್ತರ: ಮೊದಲು ನಿಮಗೆ ಬೇಕಾದ ಮಾತು ಹೇಳಿಬಿಡ್ತೀನಿ. ನೀವು ಬರೆದಿದ್ದು ಇಷ್ಟೇ ಆಗಿದ್ದರೆ ಇವತ್ತು ರಾತ್ರಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಹಾಗಂತ 6 ವಾರ ಕೈಕಟ್ಟಿ ಕೂರೋದೂ ಬೇಡ. ನಾಳೆ ನಾಡಿದ್ದರಲ್ಲಿ ಒಂದು ಸಣ್ಣ ಕೆಲಸ ಇದೆ. ಅದು ಮುಧೋಳದಲ್ಲೋ ಬಾಗಲಕೋಟೆಯಲ್ಲೋ ಅರ್ಧ ತಾಸಿನಲ್ಲಿ ಮುಗಿಯುತ್ತೆ. ಏನದು ಅಂತ ಆಮೇಲೆ ಹೇಳ್ತೀನಿ, ಯಾಕೆ ಅನ್ನೋದು ಮೊದಲು ಗೊತ್ತಾಗಲಿ.

ನಾನು ಬೆಳಗಾವಿಯಲ್ಲಿ ಮಕ್ಕಳ ಹೃದಯ ನೋಡುವ ಡಾಕ್ಟರು. ಗೋಕಾಕ, ಅಥಣಿ, ಜಮಖಂಡಿ ಕಡೆಯಿಂದ ಬರುವ ಇಂಥ ಎಕೋಗಳನ್ನು ಪರದೆಯ ಈ ತುದಿಯಲ್ಲಿ ಕೂತು ನೋಡೋದು ನನ್ನ ಕೆಲಸದ ಭಾಗ. ಹಾಗಾಗಿ ಈ ಪದ್ಧತಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇರಬಹುದು. ಅದರ ಹುಳುಕು ಎಲ್ಲಿದೆ ಅನ್ನೋದೂ ಅಷ್ಟೇ ಚೆನ್ನಾಗಿ ಗೊತ್ತು.

ನಿಮ್ಮ ಮೈದುನನ ಸಂಶಯ ಸುಳ್ಳಲ್ಲ, ಗುರಿ ಮಾತ್ರ ತಪ್ಪಿದೆ. ‘ಮೊಬೈಲಿನಲ್ಲಿ ನೋಡೋದು’ ಅಂದರೆ ಮೂರು ಬೇರೆ ಬೇರೆ ಕೆಲಸ. ಒಂದು, ಎಕೋ ಪರದೆಯ ಫೋಟೋ ಹೊಡೆದು ವಾಟ್ಸಾಪ್ ಮಾಡೋದು. ಇದರ ಮೇಲೆ ಯಾರೂ ರೋಗ ಹೇಳಬಾರದು. ಹೃದಯ ಮಿಡಿಯುವ ಅಂಗ, ನಿಂತ ಚಿತ್ರದಲ್ಲಿ ರಂಧ್ರವೂ ಕಾಣಿಸದೆ ಹೋಗಬಹುದು, ಇಲ್ಲದ ರಂಧ್ರವೂ ಕಾಣಿಸಬಹುದು. ಎರಡು, ಮೆಷಿನ್‌ನಲ್ಲೇ ದಾಖಲಾದ ವಿಡಿಯೋ ತುಣುಕುಗಳನ್ನು ಹಾಗ್ಹಾಗೇ ಕಳಿಸೋದು. ಇದು ಚೆನ್ನಾಗಿ ನಡೆಯುತ್ತೆ, ಆದರೆ ಏನಾದರೂ ಬಿಟ್ಟುಹೋಗಿದ್ದರೆ ಮತ್ತೆ ಕೂಸನ್ನು ಕರೆಸಬೇಕು. ಮೂರು, ನಿಮ್ಮಲ್ಲಿ ಆದದ್ದು. ತಜ್ಞರು ನೇರವಾಗಿ ನೋಡ್ತಾ, ಪ್ರೋಬ್ (ಮೈಮೇಲೆ ಇಟ್ಟು ತಿರುಗಿಸುವ ಸ್ಕ್ಯಾನಿಂಗ್ ಹಿಡಿಕೆ) ಹಿಡಿದವರ ಕೈ ನಡೆಸೋದು. ಮೂರರಲ್ಲಿ ಇದೇ ಒಳ್ಳೆಯದು.

ಆ ಇಪ್ಪತ್ತು ನಿಮಿಷದಲ್ಲಿ ಏನು ನಡೆಯುತ್ತೆ ಅಂತ ಹೇಳ್ತೀನಿ. ಕೂಸಿಗೆ ಹೊಟ್ಟೆತುಂಬ ಹಾಲು ಕುಡಿಸಿ, ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಶುರು ಮಾಡ್ತಾರೆ. ತಣ್ಣಗಿನ ಜೆಲ್ ತಾಗಿದರೆ ಕೂಸು ಚಿಟ್ಟನೆ ಚೀರುತ್ತೆ, ಆಮೇಲೆ ಏನೂ ಕಾಣೋದಿಲ್ಲ. ಮೊದಲು ಪ್ರೋಬನ್ನು ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೆಳಗೆ ಇಡಿಸ್ತೀವಿ. ಹೃದಯ ಯಾವ ಕಡೆ ಇದೆ, ಯಾವ ರಕ್ತನಾಳ ಎಲ್ಲಿಗೆ ಸೇರುತ್ತೆ ಅಂತ ಅಲ್ಲಿಂದ ಗೊತ್ತಾಗುತ್ತೆ. ಆಮೇಲೆ ಎಡ ಮೊಲೆಯ ಕೆಳಗೆ. ಅಲ್ಲಿಂದ ನಾಲ್ಕೂ ಕೋಣೆ ಒಟ್ಟಿಗೆ ಕಾಣ್ತವೆ. ಮೆಷಿನ್ ಪರದೆಯಲ್ಲಿ ಬಣ್ಣ ಹಾಕಿದರೆ ಪ್ರೋಬಿನ ಕಡೆ ಬರುವ ರಕ್ತ ಕೆಂಪಾಗಿ, ದೂರ ಹೋಗುವುದು ನೀಲಿಯಾಗಿ ಕಾಣುತ್ತೆ. ನಿಮ್ಮ ಕೂಸಿನ 2 ಮಿ.ಮೀ. ರಂಧ್ರ ಸಿಕ್ಕಿದ್ದು ಆ ಬಣ್ಣದಲ್ಲೇ ಇರಬೇಕು, ಬರೀ ಕಪ್ಪು-ಬಿಳುಪಿನಲ್ಲಿ ಅಷ್ಟು ಸಣ್ಣದು ಕಣ್ಣಿಗೆ ಬೀಳೋದು ಕಷ್ಟ. ಕೊನೆಗೆ ಹೆಗಲ ಕೆಳಗೆ ಬಟ್ಟೆ ಸುತ್ತಿಟ್ಟು, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಗಂಟಲ ಕುಳಿಯಲ್ಲಿ ಪ್ರೋಬ್ ಇಡಬೇಕು. ಹೃದಯದಿಂದ ಹೊರಟ ಮಹಾಧಮನಿ ಕಮಾನಿನ ಹಾಗೆ ತಿರುಗಿ ಕೆಳಗಿಳಿಯುವ ಜಾಗ ಅಲ್ಲಿಂದ ಮಾತ್ರ ಚೆನ್ನಾಗಿ ಕಾಣುತ್ತೆ. ಎಂಥ ಶಾಂತ ಕೂಸೂ ತಾಳ್ಮೆ ಕಳೆದುಕೊಳ್ಳೋದು ಇಲ್ಲೇ, ಪ್ರೋಬ್ ಹಿಡಿದವರು ‘ಸಾಕಾ ಸರ್?’ ಅಂತ ಕೇಳೋದೂ ಇಲ್ಲೇ.

ಅಂದರೆ ಚಿತ್ರ ಬಾಗಲಕೋಟೆಯಿಂದ ಬೆಂಗಳೂರಿಗೆ ಹೋಗುವಾಗ ಕೆಡೋದು ಕಡಿಮೆ. ನೆಟ್ ನಿಧಾನ ಆದರೆ ಚಿತ್ರ ತಡವರಿಸುತ್ತೆ, ಅದು ಇಬ್ಬರಿಗೂ ಗೊತ್ತಾಗುತ್ತೆ, ಮತ್ತೆ ಮಾಡ್ತಾರೆ. ಅಸಲಿ ತೊಂದರೆ ಇರೋದು ಪ್ರೋಬ್ ಹಿಡಿದ ಕೈಯಲ್ಲಿ. ತೋರಿಸದೇ ಬಿಟ್ಟಿದ್ದನ್ನು ಎಷ್ಟು ದೊಡ್ಡ ತಜ್ಞರಾದರೂ ನೋಡೋಕೆ ಆಗಲ್ಲ. ಇಷ್ಟಾದ ಮೇಲೆ ಇನ್ನೊಂದು ಇದೆ, ಕರೆ ಮುಗಿದ ಮೇಲೆ ಕೂಸಿಗೆ ಏನು ಮಾಡ್ತಾರೆ ಅನ್ನೋದು. ಹಾಗಾಗಿ ‘ದೂರದಿಂದ ನೋಡಿದ್ದಾ, ಹತ್ತಿರದಿಂದಾ’ ಅಂತ ಕೇಳೋದಕ್ಕಿಂತ ‘ಏನೇನು ಕಂಡಿತು, ಏನು ಸರಿಯಾಗಿ ಕಾಣಲಿಲ್ಲ, ಮತ್ತೆ ಯಾವಾಗ ನೋಡಬೇಕು’ ಅಂತ ಕೇಳಿ.

ಇದು ನಿನ್ನೆ ಮೊನ್ನೆ ಕೊರೊನಾ ಕಾಲದಲ್ಲಿ ಹುಟ್ಟಿದ ಪದ್ಧತಿಯೂ ಅಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್‌ನ ಮಕ್ಕಳ ಆಸ್ಪತ್ರೆಯವರು 1980ರ ದಶಕದ ಕೊನೆಯಲ್ಲೇ ದೂರದ ಆಸ್ಪತ್ರೆಗಳ ಎಕೋಗಳನ್ನು ಟೆಲಿಫೋನ್ ಜಾಲದ ಮೂಲಕ ಟಿವಿ ಪರದೆಯಲ್ಲಿ ನೋಡ್ತಿದ್ದರು. ಬ್ರೆಜಿಲ್‌ನ ಪರೈಬಾ ಅನ್ನೋ ಬಡ ರಾಜ್ಯದಲ್ಲಿ ನವಜಾತ ಶಿಶು ಡಾಕ್ಟರುಗಳಿಗೇ ಎಕೋ ಹಿಡಿಯೋದು ಕಲಿಸಿ, ಪಕ್ಕದ ರಾಜ್ಯದ ರೆಸಿಫೆ ನಗರದಲ್ಲಿ ಕೂತ ಹೃದಯ ತಜ್ಞರು ನೋಡುವ ಜಾಲ ಕಟ್ಟಿದರು. ನಮ್ಮ ರಾಜ್ಯದಲ್ಲೂ 2000ದ ದಶಕದ ಆರಂಭದಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅದು ಹೆಚ್ಚಾಗಿ ದೊಡ್ಡವರ ಹೃದಯಕ್ಕೆ. ಈಗಿನ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ದೊಡ್ಡವರದ್ದೇ. ಅಲ್ಲಿ ಇಸಿಜಿ ಕಳಿಸಿ ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ಹೇಳ್ತಾರೆ. ಕೂಸಿನ ಹೃದಯದ ರಚನೆ ಇಸಿಜಿಯಲ್ಲಿ ಗೊತ್ತಾಗಲ್ಲ, ಎಕೋನೇ ಬೇಕು. ‘ತಾಲೂಕು ಆಸ್ಪತ್ರೆಯಲ್ಲೇ ಹೃದಯದ ಯೋಜನೆ ಇದೆಯಲ್ಲ, ಅಲ್ಲೇ ಆಗಬಹುದಿತ್ತು’ ಅಂತ ಯಾರಾದರೂ ಅಂದರೆ ಇಷ್ಟು ಹೇಳಿ ಸಾಕು.

ಈಗ ನಿಮ್ಮ 93ರ ಕಥೆ. ಬಲಗೈಗೆ ಹೋಗುವ ರಕ್ತನಾಳ ಮಹಾಧಮನಿಯಿಂದ ಮೊದಲೇ ಕವಲೊಡೆಯುತ್ತೆ. ಕಾಲಿಗೆ ಹೋಗುವ ರಕ್ತ ಇನ್ನೂ ಕೆಳಗಿಂದ. ಇವೆರಡರ ನಡುವೆ ಒಂದು ಸಣ್ಣ ನಾಳ ಬಂದು ಸೇರುತ್ತೆ. ಅದಕ್ಕೇ ಪಿಡಿಎ ಅನ್ನೋದು. ಕಾಲಲ್ಲಿ ಆಕ್ಸಿಜನ್ ಕಡಿಮೆ ಇದ್ದರೆ ಕೆಟ್ಟ ರಕ್ತ ಆ ನಾಳದಿಂದ ಬೆರೆಯುತ್ತಿದೆ ಅನ್ನೋ ಅನುಮಾನ ಬರುತ್ತೆ. ಎರಡರಲ್ಲೂ 95 ಅಥವಾ ಜಾಸ್ತಿ ಇದ್ದು, ಎರಡರ ವ್ಯತ್ಯಾಸ 3ಕ್ಕಿಂತ ಜಾಸ್ತಿ ಇಲ್ಲದಿದ್ದರೆ ಪಾಸ್. ಯಾವುದಾದರೂ 90ಕ್ಕಿಂತ ಕಡಿಮೆ ಬಂದರೆ ಕಾಯೋದೇ ಇಲ್ಲ, ತಕ್ಷಣ ಮುಂದಿನ ತಪಾಸಣೆ. ನಿಮ್ಮಲ್ಲಿ ವ್ಯತ್ಯಾಸ 4 ಬಂತು, ಅದಕ್ಕೇ ಒಂದು ತಾಸು ಬಿಟ್ಟು ಮತ್ತೆ ನೋಡಿದರು. ಸರಿಯಾದ ಕ್ರಮ ಅದು. ಕಾಲು ತಣ್ಣಗಿದ್ದರೆ, ಕೂಸು ಒದೆಯುತ್ತಿದ್ದರೆ, ಪಟ್ಟಿ ಸಡಿಲ ಆಗಿದ್ದರೆ ಕಾಲಲ್ಲಿ 93 ಬರೋದು ನಾವು ದಿನಾ ನೋಡುವ ಸಂಗತಿ. ಬೆಚ್ಚಗಿನ ಕಾಲುಚೀಲ ಹಾಕಿ ಹತ್ತು ನಿಮಿಷ ಬಿಟ್ಟರೆ ಎಷ್ಟೋ ಸಲ ಸರಿ ಹೋಗುತ್ತೆ.

ಈ ಪರೀಕ್ಷೆ ಮಾಡಿದ ನರ್ಸಿಂಗ್ ಹೋಮಿಗೆ ಶಹಬ್ಬಾಸ್ ಅನ್ನಬೇಕು. ಅಮೆರಿಕದಲ್ಲಿ 2011ರಿಂದ ಎಲ್ಲ ನವಜಾತ ಶಿಶುಗಳಿಗೂ ಮಾಡಿ ಅಂತ ಶಿಫಾರಸು ಇದೆ. ನಮ್ಮಲ್ಲಿ ಇನ್ನೂ ಕೆಲವು ಕಡೆ ಮಾತ್ರ. ನೋವಿಲ್ಲ, ರಕ್ತ ತೆಗೆಯೋದಿಲ್ಲ, ಐದು ನಿಮಿಷದ ಕೆಲಸ. ಆದರೆ ‘ಪಾಸ್’ ಅಂದರೆ ಹೃದಯ ಪೂರ್ತಿ ಸರಿ ಇದೆ ಅಂತ ಅಲ್ಲ. ಜೀವಕ್ಕೆ ಅಪಾಯ ಇರುವ ಹೃದಯದೋಷಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಇದು ಹಿಡಿಯುತ್ತೆ, ಉಳಿದವು ತಪ್ಪಿಸಿಕೊಳ್ತವೆ. ಹಾಗೆ ತಪ್ಪಿಸಿಕೊಳ್ಳೋದರಲ್ಲಿ ಮುಖ್ಯವಾದದ್ದು ಮಹಾಧಮನಿ ಕಿರಿದಾಗಿರೋದು, ಕೋಆರ್ಕ್ಟೇಶನ್ ಅಂತೀವಿ. ನಿಮ್ಮ ಕೂಸಿನ ವಿಎಸ್‌ಡಿಯಂಥ ರಂಧ್ರಗಳೂ ಇದರಲ್ಲಿ ಸಿಗಲ್ಲ. ಅಲ್ಲಿ ಒಳ್ಳೆಯ ರಕ್ತವೇ ಆ ಕಡೆ ಸೋರುತ್ತೆ, ಆಕ್ಸಿಜನ್ ಕಡಿಮೆ ಆಗಲ್ಲ.

ಮೊದಲ ವಾರ ಯಾಕೆ ಇಷ್ಟು ಸೂಕ್ಷ್ಮ ಗೊತ್ತಾ? ಹೊಟ್ಟೆಯೊಳಗೆ ಕೂಸು ಉಸಿರಾಡಲ್ಲ. ಶ್ವಾಸಕೋಶದ ಕೆಲಸ ಮಾಯಿಯದ್ದು, ಅಂದರೆ ಪ್ಲಾಸೆಂಟಾದ್ದು. ಅದಕ್ಕೇ ರಕ್ತ ಶ್ವಾಸಕೋಶ ಬಿಟ್ಟು ಹೋಗಲಿ ಅಂತ ಎರಡು ಅಡ್ಡದಾರಿ ಇರ್ತವೆ. ಮೇಲಿನ ಕೋಣೆಗಳ ನಡುವಿನ ಕಿಂಡಿ, ಅದು ನಿಮ್ಮ ವರದಿಯ ಪಿಎಫ್‌ಒ. ಇನ್ನೊಂದು ಆಗಲೇ ಹೇಳಿದ ಪಿಡಿಎ. ಹುಟ್ಟಿ ಉಸಿರು ಎಳೆದ ಮೇಲೆ ಪಿಡಿಎ ಹೆಚ್ಚಿನ ಕೂಸುಗಳಲ್ಲಿ ಎರಡು ಮೂರು ದಿನದೊಳಗೆ ಮುಚ್ಚಿಕೊಳ್ಳುತ್ತೆ. ಪಿಎಫ್‌ಒ ತಿಂಗಳುಗಟ್ಟಲೆ ತಗೊಳ್ಳುತ್ತೆ. ದೊಡ್ಡವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಅದು ಸ್ವಲ್ಪ ತೆರೆದೇ ಇರುತ್ತೆ, ನನಗೋ ನಿಮ್ಮ ಮೈದುನನಿಗೋ ಇದ್ದರೂ ಇರಬಹುದು. ಹಾಗಾಗಿ ವರದಿಯ ಮೂರು ಹೆಸರುಗಳಲ್ಲಿ ಪಿಎಫ್‌ಒ, ಪಿಡಿಎ ಎರಡೂ ಮೂರು ದಿನದ ಕೂಸಿನಲ್ಲಿ ಇರೋ ಮಾಮೂಲಿ ಸಂಗತಿಗಳು. ‘ಮೂರು ತೂತು’ ಅಂತ ಲೆಕ್ಕ ಹಾಕಿ ಹೆದರಬೇಡಿ.

ಆದರೆ ಕೆಲವು ಕೂಸುಗಳಿಗೆ ಆ ಪಿಡಿಎನೇ ಜೀವನಾಡಿ. ಮಹಾಧಮನಿ ಮತ್ತು ಶ್ವಾಸಕೋಶದ ಧಮನಿ ಅದಲುಬದಲಾಗಿ ಹುಟ್ಟಿದ ಕೂಸು, ಶ್ವಾಸಕೋಶಕ್ಕೆ ಹೋಗುವ ದಾರಿಯೇ ಮುಚ್ಚಿಹೋದ ಕೂಸು, ಎಡ ಹೃದಯ ಬೆಳೆಯದ ಕೂಸು. ಹುಟ್ಟಿದಾಗ ಚೆನ್ನಾಗೇ ಅಳುತ್ತೆ, ಹಾಲೂ ಕುಡಿಯುತ್ತೆ. ಎರಡನೇ ದಿನ ಡಿಸ್ಚಾರ್ಜ್ ಆಗಿ ತವರಿಗೆ ಹೋಗುತ್ತೆ. ನಾಳ ಮುಚ್ಚಿಕೊಂಡ ತಾಸು ಹೊತ್ತಿನಲ್ಲಿ ಕೂಸು ಬೂದಿ ಬಣ್ಣಕ್ಕೆ ತಿರುಗುತ್ತೆ, ಹಾಲು ಬಿಡುತ್ತೆ, ಏದುಸಿರು. ಊರಲ್ಲಿ ದೃಷ್ಟಿ ಆಯ್ತು, ಬಾಲಗ್ರಹ ಹಿಡೀತು ಅಂತ ನಿವಾಳಿಸ್ತಾರೆ. ದವಾಖಾನೆಗೆ ಬಂದರೂ ನಂಜು (ಸೋಂಕು) ಅಂತಲೇ ಮೊದಲು ಚಿಕಿತ್ಸೆ ಶುರುವಾಗುತ್ತೆ, ಯಾಕಂದರೆ ಎರಡೂ ಹೊರಗಿಂದ ಒಂದೇ ಥರ ಕಾಣ್ತವೆ. ಸಾವಿರ ಕೂಸುಗಳಲ್ಲಿ ಎಂಟರಿಂದ ಹತ್ತಕ್ಕೆ ಒಂದಲ್ಲ ಒಂದು ಹೃದಯದೋಷ ಇರುತ್ತೆ. ಮೊದಲ ವರ್ಷದಲ್ಲೇ ಆಪರೇಷನ್ ಅಥವಾ ಅಂಥ ಚಿಕಿತ್ಸೆ ಬೇಕಾಗುವ ಗಂಭೀರ ದೋಷಗಳು ಅದರಲ್ಲಿ ಸುಮಾರು ಕಾಲು ಭಾಗ.

ಟೆಲಿ-ಎಕೋ, ಅಂದರೆ ಹೀಗೆ ದೂರದಿಂದ ನೋಡುವ ಎಕೋ, ಅಸಲು ಕೆಲಸಕ್ಕೆ ಬರೋದು ಇಂಥ ಕೂಸಿಗೆ. ಬಾಗಲಕೋಟೆಯಿಂದ ಬೆಂಗಳೂರು ಹೆಚ್ಚುಕಡಿಮೆ 450 ಕಿಲೋಮೀಟರ್. ರೋಗ ಏನಂತ ಗೊತ್ತಿಲ್ಲದೆ ಆಂಬ್ಯುಲೆನ್ಸ್ ಹೊರಟರೆ ಚಿತ್ರದುರ್ಗ ದಾಟೋ ಮೊದಲೇ ಕೂಸು ಕೈಬಿಡಬಹುದು. ಪರದೆಯ ಮೇಲೆ ರೋಗ ಗೊತ್ತಾದರೆ ಪ್ರೊಸ್ಟಗ್ಲಾಂಡಿನ್ ಅನ್ನೋ ಔಷಧಿಯನ್ನು ಡ್ರಿಪ್‌ನಲ್ಲಿ ಅಲ್ಲೇ ಶುರು ಮಾಡಬಹುದು. ಅದು ನಾಳವನ್ನು ಮತ್ತೆ ತೆರೆಯುತ್ತೆ, ಒಂದೆರಡು ದಿನ ಕಾಲಾವಕಾಶ ಸಿಗುತ್ತೆ. ಇದರಲ್ಲೂ ಅಪಾಯ ಇದೆ. ಆ ಔಷಧಿ ಕೆಲವು ಕೂಸುಗಳ ಉಸಿರನ್ನೇ ನಿಲ್ಲಿಸಿಬಿಡುತ್ತೆ, ಜ್ವರ ಬರಿಸುತ್ತೆ, ಬಿಪಿ ಇಳಿಸುತ್ತೆ. ಉಸಿರಿನ ನಳಿಕೆ ಹಾಕಬಲ್ಲವರು ಜೊತೆಗೆ ಇಲ್ಲದೆ ಅದನ್ನು ಹಾಕಿ ರಸ್ತೆಗಿಳಿಯಬಾರದು. ಶ್ವಾಸಕೋಶದಿಂದ ವಾಪಸ್ ಬರುವ ರಕ್ತನಾಳಗಳೇ ಕಟ್ಟಿಕೊಂಡ ಒಂದು ರೋಗದಲ್ಲಿ ಇದೇ ಔಷಧಿ ಕೂಸಿನ ಸ್ಥಿತಿಯನ್ನು ಇನ್ನೂ ಕೆಡಿಸಬಹುದು. ಎಕೋ ನೋಡಿದವರು ಫೋನಿನಲ್ಲಿ ಇರಲೇಬೇಕು ಅನ್ನೋದು ಇದಕ್ಕೇ. ಎಕೋ ಮೆಷಿನ್ ಇದ್ದು, ಫ್ರಿಜ್‌ನಲ್ಲಿ ಈ ಔಷಧಿ ಇಲ್ಲದ ಆಸ್ಪತ್ರೆ ಟೆಲಿಮೆಡಿಸಿನ್ ಬೋರ್ಡ್ ಹಾಕಿಕೊಂಡು ಏನು ಮಾಡುತ್ತೆ ಅಂತ ನನಗೆ ಅರ್ಥ ಆಗಲ್ಲ.

ಹಾಗಿದ್ದರೆ ಒಂದು ಮೆಷಿನ್ ಗಾಡಿಯಲ್ಲಿ ಹಾಕಿಕೊಂಡು ಊರೂರಿಗೆ ಹೋಗಬಾರದಾ ಅಂತ ಕೇಳ್ತಾರೆ. ಎಕೋ ಕೂಡ ಸ್ಕ್ಯಾನಿಂಗ್ ಮೆಷಿನ್ನೇ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದಕ್ಕೂ ಅನ್ವಯಿಸುತ್ತೆ. ನೋಂದಣಿ ಆದ ಜಾಗ ಬಿಟ್ಟು ಮೆಷಿನ್ ಅಲ್ಲಿಗೆ ಇಲ್ಲಿಗೆ ಮನಸ್ಸಿಗೆ ಬಂದ ಹಾಗೆ ಒಯ್ಯುವಂತಿಲ್ಲ. ಕಾಯ್ದೆ ಬಂದ ಕಾರಣ ನಮಗೆಲ್ಲ ಗೊತ್ತಿದ್ದದ್ದೇ, ನಾನು ದೂರಲ್ಲ. ಆದರೆ ಮೆಷಿನ್ ಹೋಗೋಕೆ ಆಗದ ಕಡೆಗೆ ತಜ್ಞರ ಕಣ್ಣಾದರೂ ಹೋಗಲಿ ಅನ್ನೋದಕ್ಕೆ ಇದೂ ಒಂದು ಕಾರಣ.

ನಿಮ್ಮ ಕೂಸಿಗೆ ವಾಪಸ್ ಬರೋಣ. 2 ಮಿ.ಮೀ. ರಂಧ್ರ ಅಂದರೆ ಈ ವಯಸ್ಸಿಗೆ ಸಣ್ಣದೇ. ಹುಟ್ಟಿದ ಕೂಸಿನ ಮಹಾಧಮನಿಯ ಬಾಯಿ ಸುಮಾರು 7 ಮಿ.ಮೀ. ಇರುತ್ತೆ, ಅದಕ್ಕೆ ಹೋಲಿಸಿ ನೋಡಿ. ಸದ್ದು ಕೇಳಿತು ಅಂತ ಹೆದರಿದ್ದೀರಿ, ಅಲ್ವಾ? ಹೊಲಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮಿ ಸದ್ದು ಜಾಸ್ತಿ ಆಗುತ್ತಲ್ಲ, ಹಾಗೇ ಸಣ್ಣ ರಂಧ್ರದ ಸದ್ದೇ ಜೋರು. ಎಷ್ಟೋ ದೊಡ್ಡ ದೋಷಗಳು ಮೊದಲ ದಿನಗಳಲ್ಲಿ ಸದ್ದೇ ಮಾಡಲ್ಲ. ಗೋಡೆಯ ಮಾಂಸಲ ಭಾಗದಲ್ಲಿರುವ ಇಂಥ ರಂಧ್ರಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವೇ ಮುಚ್ಚಿಕೊಳ್ತವೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ, ಪಥ್ಯ ಇಲ್ಲ.

6 ವಾರ ಅಂತ ಬರೆದಿದ್ದು ಸುಮ್ನೆ ಅಲ್ಲ. ಹುಟ್ಟಿದಾಗ ಶ್ವಾಸಕೋಶದ ಒತ್ತಡ ಜಾಸ್ತಿ ಇರುತ್ತೆ, ರಂಧ್ರ ಇದ್ದರೂ ಹೆಚ್ಚು ರಕ್ತ ಆ ಕಡೆ ಹೋಗಲ್ಲ. ನಾಲ್ಕರಿಂದ ಎಂಟು ವಾರದಲ್ಲಿ ಆ ಒತ್ತಡ ಇಳಿಯುತ್ತೆ. ರಂಧ್ರ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದಿದ್ದರೆ ಅದರ ತೊಂದರೆ ಕಾಣಿಸೋದು ಆವಾಗ. ಬೆಂಗಳೂರಿನಲ್ಲೇ ಹೆರಿಗೆ ಆಗಿದ್ದರೂ ಇದೇ ತಾರೀಕು ಕೊಡ್ತಿದ್ದರು.

ನಾನು ನಾಳೆ ನಾಡಿದ್ದರ ಕೆಲಸ ಅಂದಿದ್ದು ಬೇರೆ ಕಾರಣಕ್ಕೆ. ಎಕೋ ಆದಾಗ ಪಿಡಿಎ ಪೂರ್ತಿ ಮುಚ್ಚಿರಲಿಲ್ಲ, ಮುಚ್ಚಿಕೊಳ್ಳುತ್ತಿತ್ತು. ಮಹಾಧಮನಿಯ ಕಮಾನು ಕಿರಿದಾಗೋ ರೋಗ ಇದ್ದರೆ ಅದು ಬಯಲಾಗೋದು ನಾಳ ಪೂರ್ತಿ ಮುಚ್ಚಿದ ಮೇಲೆ. ನೀವು ಬರೆದ ಸಾಲುಗಳಲ್ಲಿ ಕಮಾನಿನ ಮಾತೇ ಇಲ್ಲ. ವರದಿ ತೆಗೆದು ನೋಡಿ, ‘ಆರ್ಚ್’ ಅನ್ನೋ ಪದ ಇದೆಯಾ ಅಂತ. ‘ಆರ್ಚ್ ನಾರ್ಮಲ್’ ಅಂತ ಇದ್ದರೆ ಅರ್ಧ ಚಿಂತೆ ಹೋಯ್ತು. ಇಲ್ಲದಿದ್ದರೆ ಕೂಸು ಚೀರಾಡಿ ಆ ಭಾಗ ಸಿಗದೇ ಹೋಗಿರಬಹುದು. ಎರಡರಲ್ಲಿ ಏನೇ ಆದರೂ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಕೂಸಿನ ಎರಡೂ ತೊಡೆಸಂದಿಯಲ್ಲಿ ನಾಡಿ ಮುಟ್ಟಿ ನೋಡೋಕೆ ಹೇಳಿ. ಬಲಗೈ ನಾಡಿಯಷ್ಟೇ ಚೆನ್ನಾಗಿ ಸಿಗಬೇಕು. ಕೈ-ಕಾಲಿನ ಆಕ್ಸಿಜನ್ ಇನ್ನೊಮ್ಮೆ, ಬಟ್ಟೆ ಬಿಚ್ಚಿ ತೂಕ ಒಮ್ಮೆ. ನಾಡಿ ಚೆನ್ನಾಗಿದ್ದರೆ ನೆಮ್ಮದಿಯಿಂದ ಮನೆಗೆ ಬಂದು 6 ವಾರ ಕಾಯಿರಿ. ನಾಡಿ ಸಿಗಲಿಲ್ಲ, ಅಥವಾ ಅನುಮಾನ ಬಂತು ಅಂದರೆ ಅವತ್ತೇ ಮತ್ತೊಂದು ಎಕೋ. ಅದನ್ನೂ ಮೊದಲಿನ ಹಾಗೇ ಬೆಂಗಳೂರಿನವರು ನೋಡುತ್ತಿರುವಾಗಲೇ ಮಾಡಿಸಬಹುದು. ನಾಡಿ ಮುಟ್ಟಿ ನೋಡೋದನ್ನು ಮಾತ್ರ ಯಾವ ಕ್ಯಾಮೆರಾಕ್ಕೂ ಒಪ್ಪಿಸೋಕೆ ಬರಲ್ಲ.

ಅದಕ್ಕೇ ಇನ್ನೊಂದು ವಿಷಯ ತಿಳಿದಿರಲಿ. 2020ರ ಮಾರ್ಚ್‌ನಲ್ಲಿ ಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ, ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರ ಸಲಹೆ ಕೇಳಿದಾಗ ಚಿಕಿತ್ಸೆಯ ಹೊಣೆ ಕೇಳಿದವರದ್ದೇ. ಅಂದರೆ ನಿಮ್ಮ ಬಾಗಲಕೋಟೆ ಡಾಕ್ಟರು ‘ಬೆಂಗಳೂರಿನವರು ಹೇಳಿದ್ದು, ನನಗೆ ಗೊತ್ತಿಲ್ಲ’ ಅನ್ನೋ ಹಾಗಿಲ್ಲ. ಅವರನ್ನೇ ಕೇಳಿ, ಧೈರ್ಯವಾಗಿ ಕೇಳಿ. ಎಕೋ ವಿಡಿಯೋಗಳ ಕಾಪಿಯನ್ನು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ತಗೊಂಡು ಇಟ್ಟುಕೊಳ್ಳಿ. ಮುಂದೆ ಎಲ್ಲೇ ತೋರಿಸಿದರೂ ಬರೀ ಕಾಗದದ ವರದಿಗಿಂತ ಅದು ನೂರು ಪಾಲು ಉಪಯೋಗ.

ಈಗ ಮೈದುನ, ಕಾಕಾ ಇಬ್ಬರ ಮಾತು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಎಂಟು ದಿನದ ಕೂಸು, ಹೊಲಿಗೆ ಒಣಗದ ಬಾಣಂತಿ. ಕಿಟಕಿ ಗಾಳಿಗೆ ಕೂಸು ತಣ್ಣಗಾಗೋದು, ಹಾಲುಣಿಸುವ ಹೊತ್ತು ತಪ್ಪೋದು, ಕೆಮ್ಮುವವರ ಪಕ್ಕ ಕೂರೋದು, ಆಮೇಲೆ ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ನೂರಾರು ಜನರ ನಡುವೆ ಅರ್ಧ ದಿನ. ಇಷ್ಟೆಲ್ಲ ಮಾಡಿ ಸಿಗೋದು ಅದೇ ‘6 ವಾರಕ್ಕೆ ಬನ್ನಿ’. ಈಗಿನ ಸ್ಥಿತಿಯಲ್ಲಿ ಆ ಪ್ರಯಾಣದ ಅಪಾಯವೇ ರಂಧ್ರದ ಅಪಾಯಕ್ಕಿಂತ ಜಾಸ್ತಿ. ಮಿರಜಿಗೆ ನಮ್ಮ ಕಡೆಯವರು ತಲೆಮಾರುಗಳಿಂದ ಹೋಗ್ತಾರೆ, ಅಲ್ಲಿ ಒಳ್ಳೆಯ ಡಾಕ್ಟರುಗಳೂ ಇದ್ದಾರೆ. ಆದರೆ ಎಲ್ಲಿಗೇ ಹೋದರೂ ಹೊರಡೋ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, ಮಕ್ಕಳ ಹೃದಯ ತಜ್ಞರು ಅವತ್ತು ಇದ್ದಾರಾ ಅಂತ. ದೊಡ್ಡವರ ಹೃದಯ ತಜ್ಞರು ಬೇರೆ, ಮಕ್ಕಳ ಹೃದಯ ತಜ್ಞರು ಬೇರೆ. ಮುಖಾಮುಖಿ ತೋರಿಸಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಯಾರಿಗೂ ನಿದ್ದೆ ಬರಲ್ಲ ಅಂದರೆ ಅದೂ ತಪ್ಪಲ್ಲ. ಕೂಸಿಗೆ ಮೂರು ನಾಲ್ಕು ವಾರ ಆಗಲಿ, ತೂಕ ಏರಲಿ, ಬೆಳಗಾವಿಗೋ ಹುಬ್ಬಳ್ಳಿಗೋ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ.

ಆದರೆ ಇವುಗಳಲ್ಲಿ ಯಾವುದಾದರೂ ಕಂಡರೆ 6 ವಾರದ ಮಾತು ಮರೆತುಬಿಡಿ. ನಾಲಿಗೆ, ತುಟಿಯ ಒಳಭಾಗ ನೀಲಿಯಾಗೋದು. ಅಳುವಾಗ ಅಂಗೈ, ಅಂಗಾಲು ಸ್ವಲ್ಪ ನೀಲಿ ಆಗೋದು ಬೇರೆ, ಅದು ಮೊದಮೊದಲು ಮಾಮೂಲಿ. ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, 60ಕ್ಕಿಂತ ಜಾಸ್ತಿ ಇದ್ದರೆ ತೋರಿಸಿ. ಹಾಲು ಕುಡಿಯುತ್ತಾ ಹಣೆ ಬೆವರೋದು, ಎರಡು ಗುಟುಕಿಗೊಮ್ಮೆ ದಣಿದು ಬಿಡೋದು, ಮುಕ್ಕಾಲು ತಾಸಾದರೂ ಮುಗಿಯದೇ ಇರೋದು. ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬಾರದಿರೋದು. ಆಮೇಲಂತೂ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಮೈ ತಣ್ಣಗೆ, ಬೂದಿ ಬಣ್ಣ ಆದರೆ 108ಕ್ಕೆ ಫೋನ್ ಮಾಡಿ, ಮೊದಲು ಹತ್ತಿರದ ನವಜಾತ ಶಿಶು ಘಟಕಕ್ಕೆ. ಅಂಥ ಹೊತ್ತಲ್ಲಿ ನೇರ ಬೆಂಗಳೂರಿಗೆ ಗಾಡಿ ತಿರುಗಿಸಬೇಡಿ.

ಅತ್ತೆಯವರಿಗೆ ಹೇಳಿ, ಹೃದಯ ರೂಪ ತಾಳೋದು ಗರ್ಭ ನಿಂತ ಮೂರರಿಂದ ಎಂಟನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರು ಅನ್ನೋದೇ ಖಾತ್ರಿ ಇರಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ತಿಂದಿದ್ದು, ಕೆಲಸ ಮಾಡಿದ್ದು, ಕಬ್ಬಿಣದ ಮಾತ್ರೆ, ಸ್ಕ್ಯಾನಿಂಗ್ ಯಾವುದೂ ಕಾರಣ ಅಲ್ಲ. ಗೊತ್ತಿರುವ ಕಾರಣಗಳು ಅಂದರೆ ಬಸಿರಿಗೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ಬಂದ ರುಬೆಲ್ಲಾ, ಮೂರ್ಛೆ ರೋಗದ ಕೆಲವು ಮಾತ್ರೆಗಳು, ಡೌನ್ ಸಿಂಡ್ರೋಮ್‌ನಂಥ ವರ್ಣತಂತು ವ್ಯತ್ಯಾಸ. ಹೆಚ್ಚಿನ ಕೂಸುಗಳಲ್ಲಿ ಇಂಥದ್ದೇ ಅಂತ ಒಂದು ಕಾರಣ ಸಿಗೋದೇ ಇಲ್ಲ.

ಸೋದರ ಸಂಬಂಧದ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಲ್ಲ. ರಕ್ತಸಂಬಂಧದ ಮದುವೆಯಲ್ಲಿ ಹೃದಯದೋಷದ ಸಾಧ್ಯತೆ ಸ್ವಲ್ಪ ಜಾಸ್ತಿ. ಆದರೆ ಅಂಥ ಮದುವೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳ ಹೃದಯ ಸರಿಯಾಗೇ ಇರುತ್ತೆ, ಸಂಬಂಧ ಇಲ್ಲದವರ ಮಕ್ಕಳಲ್ಲೂ ದೋಷ ಇರುತ್ತೆ. ನಿಮ್ಮ ಕೂಸಿನ ರಂಧ್ರ ಅದರಿಂದಲೇ ಅಂತ ಯಾರೂ ಹೇಳೋಕೆ ಆಗಲ್ಲ. ಮುಂದಿನ ಬಸಿರಿನಲ್ಲಿ 18ರಿಂದ 22 ವಾರದ ನಡುವೆ ಹೊಟ್ಟೆಯೊಳಗಿನ ಕೂಸಿನ ಹೃದಯದ ಎಕೋ ಮಾಡಿಸಿ. ಒಂದು ಮಗುವಿಗೆ ದೋಷ ಇದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ನೂರಕ್ಕೆ ಎರಡರಿಂದ ನಾಲ್ಕು.

ಖರ್ಚಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಮುಂದೆ ಎಂದಾದರೂ ಆಪರೇಷನ್ ಬೇಕಾದರೆ ಸಾಲ ಮಾಡೋ ಮೊದಲು ಎರಡು ಬಾಗಿಲು ತಟ್ಟಿ. ಮಕ್ಕಳ ಆರೋಗ್ಯಕ್ಕೆಂದೇ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಹುಟ್ಟು ಹೃದಯದೋಷ ಸೇರಿದೆ, ನಿಮ್ಮ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಗೆ ಬರುವ ತಂಡಕ್ಕೆ ಹೇಳಿದರೆ ಜಿಲ್ಲಾ ಕೇಂದ್ರಕ್ಕೆ ಬರೆದುಕೊಡ್ತಾರೆ. ಇನ್ನೊಂದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ದಾಖಲಾಗೋ ಮುಂಚೆಯೇ ಕಾಣಿ, ಆಮೇಲೆ ಹೋದರೆ ಕಾಗದಪತ್ರದಲ್ಲಿ ಸುಸ್ತಾಗ್ತೀರಿ.

ತೊಟ್ಟಿಲು ಧಾರಾಳವಾಗಿ ಮಾಡಿ. ಲಸಿಕೆಗಳನ್ನೂ ನಿಲ್ಲಿಸಬೇಡಿ, ರಂಧ್ರಕ್ಕೂ ಲಸಿಕೆಗೂ ಜಗಳ ಇಲ್ಲ. ಬಂದ ಬೀಗರೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸೋದು, ಮುತ್ತು ಕೊಡೋದು ಮಾತ್ರ ಬೇಡ. ನೆಗಡಿ ಆದವರು ದೂರ ನಿಂತೇ ಹಾಡಲಿ. ಲೋಬಾನದ ಹೊಗೆ ಕೂಸಿರುವ ಕೋಣೆಯಲ್ಲಿ ಹಾಕಬೇಡಿ. ಜೇನುತುಪ್ಪ, ಸಕ್ಕರೆ ನೀರು, ಘುಟ್ಟಿ ಏನೂ ನೆಕ್ಕಿಸಬಾರದು, ಎದೆಹಾಲು ಸಾಕು. ಆಮೇಲೆ ಹಣೆಗೆ, ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟರೆ ಇಡಲಿ. ತುಟಿಯ ಸುತ್ತ, ಉಗುರಿಗೆ ಬಣ್ಣ ಹಚ್ಚಬೇಡಿ. ಬಣ್ಣ ಬದಲಾಯ್ತಾ ಅಂತ ನೀವು ದಿನಾ ನೋಡಬೇಕಾದ ಜಾಗ ಅದು.